ಕ್ವಾರಿ ಸಭೆಯ ಪುಸ್ತಕ

ಪ್ರಶ್ನೆ: ಕರಿಕಲ್ಲು ಕ್ವಾರಿಯ ಸುರಕ್ಷತಾ ಸಭೆಯಲ್ಲಿ ಎಲ್ಲರ ಸಹಿ ಹಾಕಿಸಿಕೊಂಡರೆ ಸಾಲದೇ?
– ಓದುಗರು, ಉಡಿಗಾಲ

ಉತ್ತರ: ಸಾಲದು. ಯಾರು ಬಂದಿದ್ದರು ಎಂಬುದಷ್ಟೇ ಸಹಿಯಿಂದ ಗೊತ್ತಾಗುತ್ತದೆ. ನೂರಕ್ಕಿಂತ ಹೆಚ್ಚು ಜನ ದುಡಿಯುವ ಗಣಿಗೆ ಸುರಕ್ಷತಾ ಸಮಿತಿ ಇರಬೇಕು, ತಿಂಗಳಿಗೊಮ್ಮೆ ಸೇರಬೇಕು ಎಂದದ್ದು 1955ರ ಗಣಿ ನಿಯಮಗಳು. ಕ್ವಾರಿ ಚಿಕ್ಕದಾದರೆ ಬಂಡೆಯೇನೂ ಹಗುರಾಗದು. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯಲ್ಲಿ ಗುಮ್ಮಕಲ್ಲು ಗುಡ್ಡ ಕುಸಿದು ಕಾರ್ಮಿಕರು ಸತ್ತದ್ದು ನಿಮಗೆ ನೆನಪಿರಬಹುದು.

‘ಮೇಲಿನ ಬಂಡೆ ಬಿರುಕು ಬಿಟ್ಟಿದೆ’ ಎಂದು ಯಾರಾದರೂ ಹೇಳಿದರೆ ಸಭೆಯ ಪುಸ್ತಕದಲ್ಲಿ ಅವರ ಮಾತಿನಲ್ಲೇ ಬರೆದುಕೊಳ್ಳಿ. ಯಾವ ಬದಿ, ಸರಿಪಡಿಸುವವರು ಯಾರು, ಯಾವ ತಾರೀಖಿನೊಳಗೆ ಎಂಬುದೂ ಇರಲಿ. ‘ಸುರಕ್ಷತೆ ಬಗ್ಗೆ ಚರ್ಚಿಸಲಾಯಿತು’ ಎಂಬ ಸಾಲು ಮಾತ್ರ ದಯವಿಟ್ಟು ಬೇಡ! ಮುಂದಿನ ಸಭೆ ಹಳೆಯ ಪುಟ ಓದಿಯೇ ಶುರುವಾಗಲಿ. ಹಿಂದಿ, ತಮಿಳಿನವರಿದ್ದರೆ ಅವರ ಭಾಷೆಯಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿ.