ಎರಡು ನುಡಿಗಳು ಮಗುವಿಗೆ ಭಾರವೇ?

1920ರ ಮೇ ತಿಂಗಳ ಒಂದು ದಿನ, ಅಮೆರಿಕಾ ಸಂಯುಕ್ತ ಸಂಸ್ಥಾನದ ನೆಬ್ರಾಸ್ಕ ರಾಜ್ಯದ ಹಳ್ಳಿಶಾಲೆಯೊಂದರಲ್ಲಿ ರಾಬರ್ಟ್ ಮೇಯರ್ ಎಂಬ ಉಪಾಧ್ಯಾಯರು ಹತ್ತು ವರ್ಷದ ಬಾಲಕನೊಬ್ಬನಿಗೆ ಜರ್ಮನ್ ಓದುವುದನ್ನು ಕಲಿಸುತ್ತಿದ್ದರು. ಅದೇ ಅವರ ಅಪರಾಧವಾಯಿತು. ಎಂಟನೆಯ ತರಗತಿಯನ್ನು ದಾಟದ ಮಕ್ಕಳಿಗೆ ಇಂಗ್ಲಿಷಿನ ಹೊರತು ಬೇರಾವ ಜೀವಂತ ಭಾಷೆಯನ್ನೂ ಕಲಿಸಕೂಡದೆಂದು ಆ ರಾಜ್ಯವು 1919ರಲ್ಲಿ ಶಾಸನ ಮಾಡಿದ್ದಿತು. (ಸತ್ತ ಭಾಷೆಗಳೆನಿಸಿದ ಲ್ಯಾಟಿನ್, ಗ್ರೀಕ್‌ಗಳಿಗೆ ಮಾತ್ರ ಅಡ್ಡಿಯಿರಲಿಲ್ಲ!) ಮೇಯರ್ ಅವರಿಗೆ 25 ಡಾಲರ್ ದಂಡ ಬಿದ್ದಿತು. ಆ ದೇಶದ ಸರ್ವೋಚ್ಚ ನ್ಯಾಯಾಲಯವು 1923ರಲ್ಲಿ ಈ ಶಾಸನವನ್ನು ತಳ್ಳಿಹಾಕಿತು.

ಶಾಸನವೇನೋ ಹೋಯಿತು; ಅದರ ಹಿಂದಿದ್ದ ಅಂಜಿಕೆ ಹೋಗಲಿಲ್ಲ. ಮನೆಯಲ್ಲಿ ಬೇರೆ ನುಡಿಯಾಡಿದರೆ ಮಗುವಿನ ಬುದ್ಧಿ ಕುಂದುವುದೆಂದು ವಿದ್ವಾಂಸರೇ ಹೇಳತೊಡಗಿದರು. 1923ರಲ್ಲಿ ಡಿ. ಜೆ. ಸೇರ್ ಎಂಬವರು ವೇಲ್ಸ್ ದೇಶದ ಮಕ್ಕಳನ್ನು ಪರೀಕ್ಷಿಸಿ, ವೆಲ್ಷ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಹಳ್ಳಿಯ ಮಕ್ಕಳು ಬುದ್ಧಿಮಾಪನದಲ್ಲಿ ಹಿಂದೆಂದು ಪ್ರಕಟಿಸಿದರು. ಪಟ್ಟಣದ ಮಕ್ಕಳಲ್ಲಿ ಅಂಥ ಅಂತರವೇ ತೋರಿರಲಿಲ್ಲ. ಎರಡು ನುಡಿಗಳೇ ದೋಷಕ್ಕೆ ಕಾರಣವಾಗಿದ್ದರೆ ಅದು ಹಳ್ಳಿಯಲ್ಲಿ ಮಾತ್ರ ಏಕೆ ಕಾಣಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ಆಗ ಕೇಳಿದವರು ವಿರಳ. ಅಮೆರಿಕೆಯಲ್ಲಿಯೂ ವಲಸೆ ಬಂದ ಬಡವರ ಮಕ್ಕಳಿಗೆ ಅವರಿಗಿನ್ನೂ ಚೆನ್ನಾಗಿ ಬಾರದ ಇಂಗ್ಲಿಷಿನಲ್ಲಿಯೇ ಪರೀಕ್ಷೆ ಕೊಟ್ಟು, ಬಂದ ಅಂಕವನ್ನು ಬುದ್ಧಿಯ ಅಳತೆಯೆಂದು ಬರೆದುಕೊಂಡರು. ತೂತುಬಿದ್ದ ಸೇರಿನಿಂದ ಅಕ್ಕಿಯನ್ನು ಅಳೆದು, ಅಕ್ಕಿಯೇ ಕಡಮೆಯೆಂದಂತಾಯಿತು.

ಈ ತಪ್ಪನ್ನು ತಿದ್ದಿದ ಪ್ರಯೋಗ ನಡೆದುದು ಕೆನಡಾದ ಮಾಂಟ್ರಿಯಲ್ ನಗರದಲ್ಲಿ. ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಅವರು ಹತ್ತು ವರ್ಷದ ಮಕ್ಕಳನ್ನು ಆರಿಸುವಾಗ, ಮನೆಯ ಅಂತಸ್ತಿನಲ್ಲಿ ಪರಸ್ಪರ ಸಮಾನರಾದವರನ್ನೇ ಹೋಲಿಸಿದರು. 1962ರಲ್ಲಿ ಪ್ರಕಟವಾದ ಫಲಿತಾಂಶ ಹಿಂದಿನದಕ್ಕೆ ವಿರುದ್ಧವಾಗಿದ್ದಿತು: ಫ್ರೆಂಚ್ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲ ಮಕ್ಕಳೇ ಮುಂದು. ಆದರೆ ಎರಡನ್ನೂ ಚೆನ್ನಾಗಿ ಬಲ್ಲವರನ್ನೇ ಆರಿಸಿದಾಗ ಚುರುಕಾದ ಮಕ್ಕಳೇ ಹೆಚ್ಚಾಗಿ ಸೇರಿರಬಹುದಷ್ಟೆ? ಆದುದರಿಂದ ಈ ಫಲಿತಾಂಶವನ್ನೂ ಎಚ್ಚರಿಕೆಯಿಂದಲೇ ಕಾಣಬೇಕು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಅಮೆರಿಕನ್ ಮಕ್ಕಳನ್ನು ನೋಡಿದಾಗ, ಎರಡು ನುಡಿ ಬಲ್ಲವರಿಗೆ ಮನಸ್ಸಿನ ಹಿಡಿತದಲ್ಲಿ ವಿಶೇಷ ಮೇಲುಗೈಯೇನೂ ಕಂಡುಬರಲಿಲ್ಲ. ಎರಡನೆಯ ನುಡಿ ಮೆದುಳಿಗೆ ವಿಷವಲ್ಲ, ಟಾನಿಕ್ಕೂ ಅಲ್ಲ.

ಮಗುವಾದರೋ ಈ ಕೆಲಸಕ್ಕೆ ಹುಟ್ಟುವಾಗಲೇ ಸಿದ್ಧವಾಗಿರುತ್ತದೆ. ಬಸಿರಿನಲ್ಲಿ ಟಗಾಲೊಗ್ ಮತ್ತು ಇಂಗ್ಲಿಷ್ ಎರಡನ್ನೂ ಆಡುತ್ತಿದ್ದ ತಾಯಂದಿರ ನವಜಾತ ಶಿಶುಗಳು ಆ ಎರಡೂ ನುಡಿಗಳಿಗೆ ಕಿವಿಗೊಟ್ಟವು, ಅವೆರಡನ್ನೂ ಬೇರೆಬೇರೆಯೆಂದು ಗುರುತಿಸಿದವು. ಮಾತು ಬಾರದ ಕೂಸಿನಿಂದ ಇದನ್ನು ತಿಳಿದುದು ಹೇಗೆನ್ನುವಿರಾ? ಬಾಯಲ್ಲಿಟ್ಟ ರಬ್ಬರ್ ತೊಟ್ಟನ್ನು ಅದು ಎಷ್ಟು ಬಿರುಸಾಗಿ ಚೀಪುತ್ತದೆಂಬುದನ್ನು ಅಳೆದು. ಕೆನಡಾದ ವ್ಯಾಂಕೂವರ್‌ನಲ್ಲಿ ನಡೆದ ಈ ಪ್ರಯೋಗದ ವರದಿ ಹೊರಬಂದುದು 2010ರಲ್ಲಿ.

ಇಂಥ ಮಗು ಮಾತು ಕಲಿಯುವಾಗ ಹಿಂದುಳಿದಂತೆ ತೋರುವುದಕ್ಕೆ ಎಣಿಕೆಯ ದೋಷವೇ ಬಹುಮಟ್ಟಿಗೆ ಕಾರಣ. ಅಮೆರಿಕೆಯ ಕನ್ನಡ ಮನೆಯೊಂದರ ಮಗು ಹಾಲು, ಅಜ್ಜಿ, ಚಂದಮಾಮಗಳನ್ನು ಕನ್ನಡದಲ್ಲಿಯೂ, ಕಾರು, ಷೂಗಳನ್ನು ಇಂಗ್ಲಿಷಿನಲ್ಲಿಯೂ ಕಲಿತಿದೆಯೆಂದುಕೊಳ್ಳಿ. ಇಂಗ್ಲಿಷ್ ಪಟ್ಟಿಯನ್ನು ಮಾತ್ರ ಹಿಡಿದವನಿಗೆ ಎರಡೇ ಪದಗಳು ಸಿಗುವುವು. ಮಗುವಿನ ಬಳಿ ಇರುವುದು ಐದು.

ಆದರೆ ನಿಜವಾದ ಗಂಡಾಂತರವೊಂದುಂಟು. ಅದು ಮಗುವಿನ ಬುದ್ಧಿಗಲ್ಲ, ಮನೆಯ ನುಡಿಗೆ. ಭಾಷಾವಿಜ್ಞಾನಿ ವರ್ನರ್ ಲಿಯೊಪೋಲ್ಡ್ ಅವರು ಅಮೆರಿಕೆಯಲ್ಲಿ ತಮ್ಮ ಮಗಳು ಹಿಲ್ಡೆಗಾರ್ಡಳೊಡನೆ ಜರ್ಮನ್ ಆಡುತ್ತ, ಅವಳ ಮಾತುಗಳನ್ನು ಬರೆದಿಟ್ಟು, 1939ರಿಂದ 1949ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಐದರ ವಯಸ್ಸಿನಲ್ಲಿ ಜರ್ಮನಿಯಲ್ಲಿ ಕೆಲ ತಿಂಗಳು ಇದ್ದಾಗ ಅವಳ ಇಂಗ್ಲಿಷ್ ಹಿಂದೆ ಸರಿಯಿತು; ಮರಳಿದ ಮೇಲೆ ಇಂಗ್ಲಿಷೇ ಮತ್ತೆ ಮುಂದಾಯಿತು. ಸುತ್ತಲ ಸಮಾಜ ಯಾವ ನುಡಿಯನ್ನು ಬೇಡುವುದೋ ಅದು ಕೊಬ್ಬುತ್ತದೆ. ಹೀಗಾಗಿಯೇ ಅಮೆರಿಕೆಗೆ ಹೋದವರ ಮೊಮ್ಮಕ್ಕಳಲ್ಲಿ ಹೆಚ್ಚಿನವರಿಗೆ ಇಂಗ್ಲಿಷೊಂದೇ ಉಳಿಯುತ್ತದೆ. ಲಿಲಿ ವಾಂಗ್ ಫಿಲ್ಮೋರ್ ಅವರು 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳು ಮನೆಯ ನುಡಿಯನ್ನು ಬಿಟ್ಟುಕೊಟ್ಟಾಗ ತಂದೆತಾಯಿಗಳು ಅವರಿಗೆ ಬುದ್ಧಿಹೇಳಲೂ ಮಾತಿಲ್ಲದವರಾದ ಸಂಗತಿ ದಾಖಲಾಗಿದೆ.

ಸಮಾಜದ ತಕ್ಕಡಿಯೂ ವಿಚಿತ್ರವಾದುದು. ಮಾಂಟ್ರಿಯಲ್ ಬಳಿಯ ಸೇಂಟ್ ಲ್ಯಾಂಬರ್ಟಿನಲ್ಲಿ ಇಂಗ್ಲಿಷ್ ಮನೆಗಳ ಮಕ್ಕಳನ್ನು 1965ರಲ್ಲಿ ಫ್ರೆಂಚ್ ಶಿಶುತರಗತಿಗೆ ಹಾಕಿದಾಗ ಅದು ಜಗತ್ತೇ ಮೆಚ್ಚಿದ ಶಿಕ್ಷಣ ಪ್ರಯೋಗವೆನಿಸಿತು. ವಲಸೆಗಾರನ ಮಗು ಎರಡು ನುಡಿಯಾಡಿದರೆ ಮಾತ್ರ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿರೆಂಬ ಸಲಹೆ!

ಅಮೆರಿಕೆಯ ಹಲವು ಊರುಗಳಲ್ಲಿ ವಾರಕ್ಕೊಮ್ಮೆ ಕನ್ನಡ ತರಗತಿಗಳು ನಡೆಯುತ್ತವೆ. ಅಕ್ಷರ ಕಲಿಸಲು ಅವು ಬೇಕು. ಆದರೆ ವಾರದ ಒಂದೆರಡು ಗಂಟೆಯಿಂದ ಮಾತು ಬೆಳೆಯದು. “ಊಟ ಆಯಿತೇ?” ಎಂಬ ಪ್ರಶ್ನೆಗೆ ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೂ ತಾಯಿಗೆ ಅರ್ಥವಾಗುತ್ತದೆಂಬುದನ್ನು ಅದು ಬಲ್ಲದು. ಇಂಗ್ಲಿಷ್ ಬಾರದ ಅಜ್ಜಿಯೊಬ್ಬಳು ಆರು ತಿಂಗಳು ಬಂದು ಮನೆಯಲ್ಲಿದ್ದರೆ, ಅದೇ ಮಗು ಚಕ್ಕುಲಿ ಬೇಕೆಂಬುದನ್ನು ಕನ್ನಡದಲ್ಲಿಯೇ ಕೇಳಬೇಕಾಗುತ್ತದೆ.