ಕಾರೆ ಮತ್ತು ಬನಗಾರೆ: ಕಾಡುಹಣ್ಣಿನ ಹೆಸರುಗಳು ಹೇಳುವ ಎಚ್ಚರ

ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯಲ್ಲಿ ಅತ್ತಿಬೆಲೆಯನ್ನು ದಾಟಿದೊಡನೆ ತಮಿಳುನಾಡಿನ ಜೂಜುವಾಡಿ ಎದುರಾಗುತ್ತದೆ. ಕನ್ನಡ, ತೆಲುಗು, ತಮಿಳು ಮೂರೂ ನಿತ್ಯ ಬಳಕೆಯಲ್ಲಿರುವ ಈ ಗಡಿಸೀಮೆಯಲ್ಲಿ ಕುರುಚಲು ಗಿಡದ ಹಣ್ಣಿಗೂ ಮೂರು ಹೆಸರುಗಳುಂಟು. ನಮ್ಮ ಎಲಚಿ ತಮಿಳಿನಲ್ಲಿ ಇಲಂದೈ, ತೆಲುಗಿನಲ್ಲಿ ರೇಗು. ನಮ್ಮ ನೇರಳೆ ಅಲ್ಲಿ ನಾವಲ್ ಮತ್ತು ನೇರೇಡು. ಇಂತಹ ಪಟ್ಟಿಯನ್ನು ನಾವು ಸಾಮಾನ್ಯವಾಗಿ ಜ್ಞಾತಿಪದಗಳ ಉದಾಹರಣೆಯಾಗಿ ಓದುತ್ತೇವೆ. ಆದರೆ ಹಣ್ಣನ್ನು ಆಯ್ದು ತಿನ್ನುವವರಿಗೆ ಹೆಸರೆಂಬುದು ಎಚ್ಚರಿಕೆಯೂ ಹೌದು.

ಕಾರೆಯನ್ನೇ ನೋಡೋಣ. ಇದು ಒಣಭೂಮಿಯ ಮುಳ್ಳುಪೊದೆ. ಬೆರಳ ತುದಿಯಷ್ಟಿರುವ ಇದರ ಹಳದಿ ಹಣ್ಣನ್ನು ದನಗಾಹಿಗಳೂ ಮಕ್ಕಳೂ ತಿನ್ನುತ್ತ ಬಂದಿದ್ದಾರೆ. ಇದರ ಮುಂದೆ ‘ಬನ’ ಸೇರಿದರೆ ಆದೇಶಸಂಧಿಯಿಂದ ಕಕಾರ ಗಕಾರವಾಗಿ ‘ಬನಗಾರೆ’ ಎಂದಾಗುತ್ತದೆ. ವ್ಯಾಕರಣದಲ್ಲಿ ಇದು ಒಂದಕ್ಷರದ ವ್ಯತ್ಯಾಸ; ಹೊಟ್ಟೆಗೆ ಮಾತ್ರ ದೊಡ್ಡ ವ್ಯತ್ಯಾಸ. ಬನಗಾರೆಯೂ ಮುಳ್ಳುಗಿಡವೇ, ಹಣ್ಣೂ ಹಳದಿಯೇ. ಆದರೆ ಗಾತ್ರದಲ್ಲಿ ದೊಡ್ಡದು, ನೋಟಕ್ಕೆ ಪುಟ್ಟ ಸೀಬೆಯಂತಿರುತ್ತದೆ. ಆಯುರ್ವೇದದಲ್ಲಿ ಮದನಫಲವೆನಿಸಿದ ಇದು ವಮನಕ್ಕೆ, ಅಂದರೆ ವಾಂತಿ ಮಾಡಿಸುವ ಚಿಕಿತ್ಸೆಗೆ, ಮುಖ್ಯ ದ್ರವ್ಯ. ಮೀನುಗಳಿಗೆ ಮಂಪರು ಬರಿಸಲು ಇದನ್ನು ಜಜ್ಜಿ ನೀರಿಗೆ ಬೆರೆಸುವ ರೂಢಿಯೂ ಇತ್ತು.

ತಮಿಳಿನವರೂ ಹೀಗೆಯೇ ಕಾರೈ, ಮರುಕ್ಕಾರೈ ಎಂದು ಪೂರ್ವಪದದಿಂದ ಭೇದ ಮಾಡುತ್ತಾರೆ. ತೆಲುಗಿನಲ್ಲಿ ಮೊದಲನೆಯದು ಬಲುಸು, ಎರಡನೆಯದು ಮಂಗ. ಅಲ್ಲಿ ಗೊಂದಲಕ್ಕೆ ಆಸ್ಪದವೇ ಇಲ್ಲ. ನಮ್ಮಲ್ಲಿ ಬನಗಾರೆಯನ್ನೂ ಬರಿದೆ ‘ಕಾರೆ’ ಎನ್ನುವುದುಂಟು. ಪೂರ್ವಪದ ಬಿದ್ದುಹೋದರೆ ಅದರೊಡನೆ ಎಚ್ಚರವೂ ಬಿದ್ದುಹೋಗುತ್ತದೆ.

ಹಣ್ಣಿನ ಅವಸ್ಥೆಗಳಿಗೂ ಕನ್ನಡ ಬೇರೆ ಬೇರೆ ಪದಗಳನ್ನಿಟ್ಟಿದೆ: ಹೀಚು, ಕಾಯಿ, ದೋರೆಗಾಯಿ, ಹಣ್ಣು. ಗಣಿಕೆಯ ಕಪ್ಪಾದ ಹಣ್ಣನ್ನು ತಿನ್ನುತ್ತಾರೆ; ಅದರ ಹಸುರು ಕಾಯಲ್ಲಿ ಸೋಲನೈನ್ ಎಂಬ ವಿಷಾಂಶವಿರುತ್ತದೆ. ಕವಳೆಯ ಕಾಯಿ ಹುಳಿ, ಹಾಲುಸೊನೆಯುಳ್ಳದ್ದು, ಉಪ್ಪಿನಕಾಯಿಗೆ ಒದಗುತ್ತದೆ. ಕಪ್ಪಗೆ ಮಾಗಿದ ಮೇಲೆ ಹಾಗೆಯೇ ತಿನ್ನಬಹುದು. ಕಾಯಿಯೋ ಹಣ್ಣೋ ಎಂಬ ಪ್ರಶ್ನೆಯಲ್ಲಿಯೇ ತಿನ್ನಬಹುದೇ ಎಂಬ ಪ್ರಶ್ನೆಯೂ ಅಡಗಿದೆ.

ಇಂದು ಹೊಸೂರು ಸೀಮೆಯಲ್ಲಿ ಕಾರ್ಖಾನೆಗಳೂ ಬಡಾವಣೆಗಳೂ ಹಬ್ಬಿವೆ. ಜೀವಂತ ಬೇಲಿಯಿದ್ದಲ್ಲಿ ಗೋಡೆ ಎದ್ದರೆ ಪೊದೆಯೊಡನೆ ಅದರ ಹೆಸರೂ ಬಾಯಿಂದ ಮರೆಯಾಗುತ್ತದೆ. 1894ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ನಿಘಂಟಿನಂತಹ ಗ್ರಂಥಗಳಲ್ಲಿ ಗಿಡಗಳ ಹೆಸರುಗಳು ಉಳಿದಿವೆ, ನಿಜ. ಆದರೆ ಯಾವ ಹಣ್ಣನ್ನು ಯಾವಾಗ ಕೀಳಬೇಕು, ಯಾವುದನ್ನು ಮುಟ್ಟಬಾರದು ಎಂಬ ತಿಳಿವಳಿಕೆ ಉಳಿದಿರುವುದು ಹೆಚ್ಚಾಗಿ ಹಿರಿಯರ ಮಾತಿನಲ್ಲಿ. ಚೆನ್ನೈನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಬೋಧಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರು, ಗಿಡದ ಮುಂದೆ ನಿಂತು ಪಡೆದ ತಿಳಿವು ಕನ್ನಡದಲ್ಲಿ ಉತ್ತಮ ಸಾಹಿತ್ಯವಾಗಬಲ್ಲದೆಂಬುದನ್ನು ‘ಹಸುರು ಹೊನ್ನು’ ಕೃತಿಯಿಂದ ತೋರಿಸಿಕೊಟ್ಟರು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ದೊರೆಯಿತು.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ರಜೆಯಲ್ಲಿ ಊರಿನ ಹಿರಿಯರೊಡನೆ ಹೊಲದ ಬದುವಿಗೆ ಹೋಗಿ, ಗಿಡವನ್ನು ಕಣ್ಣೆದುರಿಗಿಟ್ಟುಕೊಂಡೇ ಅದರ ಹೆಸರುಗಳನ್ನು ಬರೆದುಕೊಳ್ಳಬೇಕು. ಪ್ರತಿ ಹೆಸರಿನ ಪಕ್ಕದಲ್ಲಿ ಹಣ್ಣಿನ ಕಾಲ, ಬಣ್ಣ, ಬಳಕೆಗಳೂ ಇರಲಿ. ಹೆಸರನ್ನಷ್ಟೇ ನಂಬಿ ಯಾವ ಹಣ್ಣನ್ನೂ ಬಾಯಿಗಿಡಬಾರದು. ಗಿಡವನ್ನು ಬಲ್ಲವರು ಜೊತೆಯಲ್ಲಿರಲೇಬೇಕು.