ಗುಲಾಬಿ ಜರ್ಸಿಯ ಚಾಂಪಿಯನ್ನರು

ಕೆನಡಾ ತಂಡ ಅಂದ್ರೆ ಕೆಂಪು-ಬಿಳಿ ಜರ್ಸಿ. ಆದ್ರೆ ಈ ಆಟಗಾರ್ತಿಯರು ತೊಟ್ಟಿರೋದು ಗುಲಾಬಿ! ಇದು 1990ರ ಮಾರ್ಚ್, ಒಟ್ಟಾವಾ ನಗರ. ಮಹಿಳೆಯರ ಮೊದಲ ಐಸ್ ಹಾಕಿ ವಿಶ್ವ ಚಾಂಪಿಯನ್‌ಶಿಪ್.

ಪುರುಷರು 1920ರಲ್ಲೇ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಆಡಿದ್ರು, ಅದೂ ಬೇಸಿಗೆ ಒಲಿಂಪಿಕ್ಸ್! ಮಹಿಳೆಯರು ತಮ್ಮ ಮೊದಲ ವಿಶ್ವ ಚಾಂಪಿಯನ್‌ಶಿಪ್‌ಗೆ ಅಲ್ಲಿಂದ 70 ವರ್ಷ ಕಾಯಬೇಕಾಯ್ತು.

ಗುಲಾಬಿ ಬಣ್ಣ ಜನರ ಗಮನ ಸೆಳೆಯೋಕೆ ಮಾಡಿದ ಪ್ರಚಾರ. ನನಗಂತೂ ನೆನಪಿಡಬೇಕು ಅನ್ಸೋದು ಫೈನಲ್. ಎದುರಾಳಿ ಅಮೆರಿಕ, ಮೊದಲೇ 2-0 ಮುನ್ನಡೆ. ಕೆನಡಾ ಸಮ ಮಾಡ್ಕೊಳ್ತು. ಆಗ ನುಗ್ಗಿದ್ರು ನೋಡಿ, ಡಿಫೆಂಡರ್ ಜೆರಾಲ್ಡಿನ್ ಹೀನಿ! ಐಸ್ ಹಾಕೀಲಿ ಚೆಂಡಿಲ್ಲ, ಪಕ್ ಅನ್ನೋ ಗಟ್ಟಿ ರಬ್ಬರ್ ಬಿಲ್ಲೆ. ಎದುರಾಳೀನ ದಾಟಿ, ಪಕ್‌ನ ಗೋಲಿಗೆ ಎತ್ತಿ ಹಾಕಿ, ಅದೇ ರಭಸಕ್ಕೆ ಅವರೂ ಗಾಳೀಲಿ ಹಾರಿದ್ರು. ಕೊನೆಗೆ ಕೆನಡಾ 5, ಅಮೆರಿಕ 2.

ಮೈಗೆ ಮೈ ಡಿಕ್ಕಿ ಹೊಡೆಯೋ ಬಾಡಿ ಚೆಕಿಂಗ್‌ಗೆ ಆ ಟೂರ್ನಿಯಲ್ಲಿ ಅವಕಾಶ ಇತ್ತು. ಆಮೇಲೆ ಮಹಿಳೆಯರ ಆಟದಿಂದ ಅದನ್ನ ತೆಗೆದ್ರು.

1998ರಲ್ಲಿ ಜಪಾನಿನ ನಾಗಾನೊದಲ್ಲಿ ಮಹಿಳೆಯರ ಐಸ್ ಹಾಕಿ ಒಲಿಂಪಿಕ್ಸ್‌ಗೂ ಬಂತು. ಫೈನಲ್‌ನಲ್ಲಿ ಮತ್ತೆ ಅದೇ ಎರಡು ತಂಡ. ಈ ಸಲ 3-1ರಿಂದ ಚಿನ್ನ ಗೆದ್ದದ್ದು ಅಮೆರಿಕ!